ಕುದುರೆಗೆ ಹೊಟ್ಟೆನೋವು: ನಾಡಿ, ವಸಡು, ಲದ್ದಿ ನೋಡಿ ದೋಷ ಹುಡುಕುವ ಕ್ರಮ

ಕುದುರೆಗೆ ವಾಂತಿ ಆಗುವುದಿಲ್ಲ. ಅನ್ನನಾಳ ಜಠರಕ್ಕೆ ಸೇರುವ ಜಾಗದ ಸ್ನಾಯು ಅಷ್ಟು ಬಿಗಿ. ಒತ್ತಡ ಹೆಚ್ಚಿದರೆ ಜಠರವೇ ಒಡೆದೀತು, ಒಳಗಿದ್ದದ್ದು ಬಾಯಿಗೆ ಬಾರದು. ಜಠರ ಹಿಡಿಯುವುದು 8ರಿಂದ 15 ಲೀಟರ್ ಮಾತ್ರ. ಅದರಾಚೆ 20 ಮೀಟರ್ ಮೀರಿದ ಸಣ್ಣ ಕರುಳು, 30 ಲೀಟರ್‌ನಷ್ಟು ಹಿಡಿಯುವ ಸೀಕಂ ಎಂಬ ಚೀಲ, ಆಮೇಲೆ ಹುಲ್ಲು ಹುದುಗಿ ಜೀರ್ಣವಾಗುವ ದೊಡ್ಡ ಕರುಳು. ಈ ದೊಡ್ಡ ಕರುಳು ಎಡಭಾಗದಲ್ಲಿ ಸೊಂಟದ ಹತ್ತಿರ ಮಡಚಿ ಹಿಂದಿರುಗುವಾಗ ಒಮ್ಮೆಲೇ ಕಿರಿದಾಗುತ್ತದೆ. ಹೊಟ್ಟೆಯ ಗೋಡೆಗೆ ಅದರ ಬಹುಭಾಗ ಅಂಟಿಕೊಂಡಿಲ್ಲ. ಹಾಗಾಗಿ ಕಿರಿದಾದಲ್ಲಿ ಮೇವು ಕಟ್ಟಿಕೊಳ್ಳುತ್ತದೆ, ಗಾಳಿ ತುಂಬಿದರೆ ಕರುಳು ತೇಲಿ ಜಾಗ ಬಿಡುತ್ತದೆ, ಕೆಲವೊಮ್ಮೆ ತಿರುಚಿಕೊಳ್ಳುತ್ತದೆ. ವೈದ್ಯರು ಕಾಲಿಕ್ ಎನ್ನುವುದು, ಹಳಬರು ಶೂಲೆ ಎನ್ನುವುದು ಒಂದು ರೋಗದ ಹೆಸರಲ್ಲ. ಇವೆಲ್ಲಕ್ಕೂ ಹೊರಗೆ ಕಾಣುವ ಒಂದೇ ಲಕ್ಷಣ ಅದು.

ಟಾಂಗಾ ಕುದುರೆಯಿರಲಿ, ಮದುವೆ ಮೆರವಣಿಗೆಯದ್ದಿರಲಿ, ಸವಾರಿ ಶಾಲೆಯದ್ದಿರಲಿ, ಲಾಯದಲ್ಲಿ ನಿಂತು ಯಾವ ಕರುಳು ಎಲ್ಲಿ ಕೆಟ್ಟಿದೆ ಎಂದು ಹೇಳಲು ಯಜಮಾನನಿಗೆ ಆಗದು, ಆಗಬೇಕಾಗಿಯೂ ಇಲ್ಲ. ಅವನು ತೀರ್ಮಾನಿಸಬೇಕಾದದ್ದು ಮೂರರಲ್ಲಿ ಒಂದು: ಒಂದು ಗಂಟೆ ಕಾಯಬಹುದೇ, ಈಗಲೇ ವೈದ್ಯರನ್ನು ಕರೆಯಬೇಕೇ, ಅಥವಾ ಕರೆಯುತ್ತಲೇ ಸಾಗಿಸಲು ಗಾಡಿಯನ್ನೂ ಗೊತ್ತುಮಾಡಬೇಕೇ. ಇದನ್ನು ಹೇಳುವುದು ಕುದುರೆಯ ಒದ್ದಾಟವಲ್ಲ, ನಾಡಿ. ಬರೀ ಗಾಳಿ ತುಂಬಿದ ಕುದುರೆ ನೆಲಕ್ಕೆ ಬಿದ್ದು ಹೊರಳಾಡಿ ಇಡೀ ಬೀದಿಯನ್ನು ಸೇರಿಸಬಹುದು. ಕರುಳು ಸತ್ತ ಕುದುರೆ ತಲೆ ತಗ್ಗಿಸಿ ಸುಮ್ಮನೆ ನಿಂತಿರಬಹುದು.

ಮೊದಲ ಹತ್ತು ನಿಮಿಷ

ಮುಂದಿರುವ ಮೇವು, ಹುರಳಿ, ಬೂಸಾ ಎಲ್ಲ ತೆಗೆಯಿರಿ. ನೀರು ಇರಲಿ. ಬಾಯಿಂದ ಕಡಿವಾಣ ತೆಗೆದು ಬರೀ ಹಗ್ಗದಲ್ಲಿ ಹಿಡಿಯಲು ಒಬ್ಬರನ್ನು ನಿಲ್ಲಿಸಿ. ಕುದುರೆ ಏಕಾಏಕಿ ಬೀಳಬಹುದು, ಆದ್ದರಿಂದ ಗೋಡೆಗೂ ಕುದುರೆಗೂ ನಡುವೆ ಯಾರೂ ನಿಲ್ಲಬಾರದು. ನಂತರ ಈ ಕ್ರಮದಲ್ಲಿ ನೋಡಿ, ಗಡಿಯಾರದ ಹೊತ್ತಿನ ಸಮೇತ ಬರೆದಿಡಿ.

1. ನಾಡಿ. ದವಡೆಯ ಎಲುಬಿನ ಒಳ ಅಂಚಿನಲ್ಲಿ ಬೆರಳು ಆಡಿಸಿದರೆ ಪೆನ್ಸಿಲ್ ದಪ್ಪದ ಜಾರುವ ನರದಂಥದ್ದು ಸಿಗುತ್ತದೆ. ಅದನ್ನು ಎಲುಬಿಗೆ ಮೆಲ್ಲಗೆ ಒತ್ತಿ 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಸ್ಟೆತಾಸ್ಕೋಪ್ ಇದ್ದರೆ ಎಡ ಮೊಣಕೈ ಹಿಂದೆ ಇಟ್ಟು ಕೇಳಿ; ‘ಲಬ್-ಡಬ್’ ಎರಡೂ ಸೇರಿ ಒಂದು. ಆರೋಗ್ಯವಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44.

2. ವಸಡು. ಮೇಲ್ದುಟಿ ಎತ್ತಿ ಬಣ್ಣ ನೋಡಿ. ತಿಳಿ ಗುಲಾಬಿ, ತೇವ ಇರಬೇಕು. ಹೆಬ್ಬೆರಳಲ್ಲಿ ಒತ್ತಿ ಬಿಟ್ಟಾಗ ಬಿಳಿಚಿದ ಜಾಗಕ್ಕೆ 2 ಸೆಕೆಂಡ್ ಒಳಗೆ ಬಣ್ಣ ಮರಳಬೇಕು.

3. ಉಸಿರು. ಪಕ್ಕೆಯ ಏರಿಳಿತ ನಿಮಿಷಕ್ಕೆ 8ರಿಂದ 16. ಬೇಸಿಗೆಯ ಮಧ್ಯಾಹ್ನ ಇದಕ್ಕಿಂತ ಹೆಚ್ಚಿದ್ದರೆ ಅದೊಂದರಿಂದಲೇ ಗಾಬರಿ ಬೇಡ.

4. ಜ್ವರ. ಥರ್ಮಾಮೀಟರ್‌ಗೆ ದಾರ ಕಟ್ಟಿ, ದಾರದ ತುದಿಯನ್ನು ಬಟ್ಟೆ ಕ್ಲಿಪ್ಪಿನಿಂದ ಬಾಲಕ್ಕೆ ಸಿಕ್ಕಿಸಿ, ಗುದದ್ವಾರದಲ್ಲಿ ಇಡಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ.

5. ಕರುಳಿನ ಸದ್ದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ತಗ್ಗಿನಲ್ಲಿ ಕಿವಿಯನ್ನೇ ಒತ್ತಿ ಇಟ್ಟರೂ ಕೇಳುತ್ತದೆ. ಎಡ ಮೇಲೆ, ಎಡ ಕೆಳಗೆ, ಬಲ ಮೇಲೆ, ಬಲ ಕೆಳಗೆ, ಒಂದೊಂದು ಕಡೆ ಪೂರ್ತಿ ಒಂದು ನಿಮಿಷ. ಬಲಗಡೆ ಮೇಲ್ಭಾಗದಲ್ಲಿ ಆಗಾಗ, ಬಚ್ಚಲ ನೀರು ಒಮ್ಮೆಲೇ ಇಳಿದಂಥ ಉದ್ದ ಸದ್ದು ಬರಬೇಕು. ಅದು ಸೀಕಂನದ್ದು. ಎಲ್ಲ ಕಡೆ ಮೌನವಿದ್ದರೆ ಗಂಭೀರ. ಗುಡುಗುಡು ಜಾಸ್ತಿ ಇದ್ದರೆ ಬಹುಮಟ್ಟಿಗೆ ಸೆಳೆತ ಅಥವಾ ಶುರುವಾಗಲಿರುವ ಭೇದಿ.

6. ಲದ್ದಿ. ದಿನಕ್ಕೆ 8ರಿಂದ 12 ಸಲ ಹಾಕಬೇಕು. ರಾತ್ರಿಯಿಂದ ಎಷ್ಟು ಗುಡ್ಡೆ ಬಿದ್ದಿದೆ, ಉಂಡೆ ಒಣಗಿದೆಯೇ, ಮೇಲೆ ಲೋಳೆಯ ಪೊರೆ ಇದೆಯೇ, ಇಡೀ ಕಾಳು ಕಾಣುತ್ತಿದೆಯೇ ನೋಡಿ. ಗುಡಿಸಿ ಹಾಕಿದ ಮೇಲೆ ಈ ಮಾಹಿತಿ ಸಿಗುವುದಿಲ್ಲ, ಹೀಗಾಗಿ ಲಾಯ ಗುಡಿಸುವವರಿಗೆ ಎಣಿಸುವ ಅಭ್ಯಾಸ ಮಾಡಿಸಿರಬೇಕು.

ಅಂಕಿ ಓದುವ ಬಗೆ

ನಾಡಿ 48ರೊಳಗಿದೆ, ವಸಡು ಗುಲಾಬಿ, ಕರುಳಿನ ಸದ್ದಿದೆ, ಕುದುರೆ ಆಗಾಗ ಪಕ್ಕೆ ತಿರುಗಿ ನೋಡುತ್ತದೆ, ನೆಲ ಕೆರೆಯುತ್ತದೆ, ನಡುನಡುವೆ ಸುಮ್ಮನಾಗುತ್ತದೆ: ವೈದ್ಯರಿಗೆ ಫೋನಿನಲ್ಲಿ ತಿಳಿಸಿ ಒಂದು ಗಂಟೆ ಕಾಯಬಹುದು. 15 ನಿಮಿಷಕ್ಕೊಮ್ಮೆ ನಾಡಿ ನೋಡುತ್ತಿರಬೇಕು.

ನಾಡಿ 50 ದಾಟಿದೆ, ಒಂದು ಗಂಟೆಯಾದರೂ ನೋವು ನಿಂತಿಲ್ಲ, ಲದ್ದಿ ಇಲ್ಲ, ಬೆವರುತ್ತಿದೆ: ವೈದ್ಯರು ಬರಲೇಬೇಕು.

60 ದಾಟಿ ಏರುತ್ತಲೇ ಇದೆ, ವಸಡು ಇಟ್ಟಿಗೆ ಕೆಂಪು ಅಥವಾ ಹಲ್ಲಿನ ಬುಡದಲ್ಲಿ ನೇರಳೆ ಅಂಚು, ಒತ್ತಿ ಬಿಟ್ಟರೆ ಬಣ್ಣ ಮರಳಲು 3 ಸೆಕೆಂಡ್ ಮೀರುತ್ತಿದೆ, ಹೊಟ್ಟೆ ಎರಡೂ ಪಕ್ಕ ಉಬ್ಬಿದೆ: ಇದು ತಿರುಚು ಅಥವಾ ಬಿಗಿದುಕೊಂಡ ಕರುಳು ಎಂದೇ ಲೆಕ್ಕಕ್ಕೆ ಹಿಡಿದು ಗಾಡಿ ತಯಾರು ಮಾಡಿ. ರಕ್ತ ಓಡದ ಸಣ್ಣ ಕರುಳು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ನಾಡಿ 80 ದಾಟಿದ್ದರೆ ಉಳಿಯುವ ಸಾಧ್ಯತೆ ತೀರ ಕಡಿಮೆ.

ಎಲ್ಲರೂ ಮೋಸಹೋಗುವುದು ಒಂದು ಕಡೆ. ಗಂಟೆಗಟ್ಟಲೆ ಒದ್ದಾಡಿದ ಕುದುರೆ ತಟ್ಟನೆ ಶಾಂತವಾಗಿ ನಿಲ್ಲುತ್ತದೆ. ‘ಸದ್ಯ, ನೋವು ಇಳೀತು’ ಎಂದು ಮನೆಯವರು ಉಸಿರು ಬಿಡುತ್ತಾರೆ. ಆಗ ನಾಡಿ ಹಿಡಿಯಿರಿ. ಇಳಿದಿದ್ದರೆ ನಿಜಕ್ಕೂ ಗುಣ. ನಾಡಿ ಹಾಗೇ ಮೇಲೇ ಇದ್ದು, ಮೈಯಲ್ಲಿ ಅಲ್ಲಲ್ಲಿ ತಣ್ಣನೆ ಬೆವರು ಒಡೆದು, ಮಾಂಸಖಂಡ ನಡುಗುತ್ತಿದ್ದರೆ ಜಠರವೋ ಕರುಳೋ ಒಡೆದಿದೆ. ಒತ್ತಡ ಹೋದದ್ದರಿಂದ ನೋವು ಹೋಗಿದೆ ಅಷ್ಟೆ.

ಕುದುರೆ ನೋಡಿ ಅನುಭವವಿರುವ ಪಶುವೈದ್ಯರು ಪ್ರತಿ ಊರಿನಲ್ಲೂ ಸಿಗುವುದಿಲ್ಲ. ಹತ್ತಿರದವರ ಸಂಖ್ಯೆ, ರಾಜ್ಯದ ಪಶು ಸಂಜೀವಿನಿ ಸಹಾಯವಾಣಿ 1962, ಬೆಂಗಳೂರಿನ ಸುತ್ತಮುತ್ತಲಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಆಸ್ಪತ್ರೆಯ ಸಂಖ್ಯೆ, ಕುದುರೆ ಸಾಗಿಸುವ ಗಾಡಿಯವರ ಸಂಖ್ಯೆ, ಇಷ್ಟನ್ನು ಗೋಡೆಗೆ ಅಂಟಿಸಿಡಿ. ಫೋನಿನಲ್ಲಿ ‘ಹೊಟ್ಟೆನೋವು ಸಾರ್, ಬೇಗ ಬನ್ನಿ’ ಎನ್ನುವ ಬದಲು ‘ಆರು ಗಂಟೆಗೆ ನಾಡಿ 44, ಏಳಕ್ಕೆ 56, ಬೆಳಗಿನಿಂದ ಒಂದೇ ಸಲ ಲದ್ದಿ’ ಎಂದರೆ ಅವರು ಏನೇನು ಹೊತ್ತು ತರಬೇಕೆಂದು ಅಲ್ಲೇ ನಿರ್ಧರಿಸುತ್ತಾರೆ.

ವೈದ್ಯರು ಬರುವ ತನಕ

ಗೊಟ್ಟ ಹಾಕಬೇಡಿ. ದನಕ್ಕೆ ಹಾಕಿದ ಹಾಗೆ ಕುದುರೆಯ ತಲೆ ಎತ್ತಿ ಹಿಡಿದು ಬಿದಿರಿನ ಗೊಟ್ಟದಲ್ಲೋ ಬಾಟಲಿಯಲ್ಲೋ ಇಂಗಿನ ನೀರು, ಸೋಡಾ, ಎಣ್ಣೆ, ಸಾರಾಯಿ ಹುಯ್ಯುವುದು ಇನ್ನೂ ನಡೆದೇ ಇದೆ. ಅರ್ಧ ಲೀಟರ್ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆನೋವು ವಾಸಿಯಾದರೂ ಕುದುರೆ ನ್ಯುಮೋನಿಯಾದಿಂದ ಸಾಯುತ್ತದೆ. ಮಲ ಜಾರಲು ಕೊಡುವ ಲಿಕ್ವಿಡ್ ಪ್ಯಾರಫಿನ್ ಎಂಬ ಖನಿಜ ಎಣ್ಣೆಗೆ ರುಚಿಯಿಲ್ಲ, ಕೆಮ್ಮನ್ನೂ ಎಬ್ಬಿಸುವುದಿಲ್ಲ, ಹಾಗಾಗಿ ಅದು ತಪ್ಪು ದಾರಿ ಹಿಡಿದದ್ದು ಗೊತ್ತೇ ಆಗುವುದಿಲ್ಲ. ಹರಳೆಣ್ಣೆಯಂತೂ ಕುದುರೆಯ ಕರುಳನ್ನು ಕೆರಳಿಸಿ ತೀವ್ರ ಭೇದಿ ತರುವ ವಸ್ತು. ಕೊಡುವ ದ್ರವ ಏನೇ ಇರಲಿ, ಅದು ಮೂಗಿನಿಂದ ಜಠರಕ್ಕೆ ಇಳಿಬಿಡುವ ಕೊಳವೆಯಲ್ಲೇ ಹೋಗಬೇಕು. ಆ ಕೊಳವೆಯಿಂದ ಇನ್ನೂ ಒಂದು ಉಪಯೋಗವಿದೆ. ಹಾಕಿದ ಕೂಡಲೇ 2 ಲೀಟರ್‌ಗಿಂತ ಹೆಚ್ಚು ದ್ರವ ತಾನಾಗಿ ಹೊರಬಂದರೆ ಮುಂದೆ ಸಣ್ಣ ಕರುಳು ಕಟ್ಟಿದೆ ಎಂದು ತಿಳಿಯುತ್ತದೆ, ಜಠರ ಒಡೆಯುವುದೂ ತಪ್ಪುತ್ತದೆ.

ನೋವಿನ ಇಂಜೆಕ್ಷನ್ ನೀವೇ ಕೊಡಬೇಡಿ. ಫ್ಲೂನಿಕ್ಸಿನ್ ಒಳ್ಳೆಯ ಔಷಧ, ಪ್ರತಿ ಕೆಜಿ ತೂಕಕ್ಕೆ 1.1 ಮಿಲಿಗ್ರಾಂ ಲೆಕ್ಕದಲ್ಲಿ ವೈದ್ಯರು ರಕ್ತನಾಳಕ್ಕೆ ಕೊಡುತ್ತಾರೆ. ಅದೇ ಔಷಧ ಮಾಂಸಖಂಡಕ್ಕೆ ಹೋದರೆ ಅಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಸೋಂಕಾಗಿ ಮಾಂಸ ಕೊಳೆತ ಪ್ರಸಂಗಗಳಿವೆ. ಅದಕ್ಕಿಂತ ದೊಡ್ಡ ತೊಂದರೆ, ಅದು ನೋವನ್ನೂ ನಾಡಿಯನ್ನೂ ಮುಚ್ಚಿಡುತ್ತದೆ. ವೈದ್ಯರು ಕೊಟ್ಟ ಮೇಲೂ ಎರಡು-ಮೂರು ಗಂಟೆಯಲ್ಲಿ ನೋವು ಮರಳಿದರೆ ಮತ್ತೊಂದು ಡೋಸ್ ಕೇಳಬೇಡಿ, ಸಾಗಿಸುವ ಮಾತಾಡಿ.

ನಡೆಸುವುದು 10-15 ನಿಮಿಷ ಸಾಕು. ಗಾಳಿ ಸರಿಯಲು ಅಷ್ಟು ನೆರವಾಗುತ್ತದೆ. ‘ಮಲಗಿದರೆ ಕರುಳು ತಿರುಚುತ್ತೆ’ ಎಂದು ರಾತ್ರಿಯಿಡೀ ನಡೆಸಿ ಕುದುರೆಯನ್ನೂ ಜನರನ್ನೂ ಸುಸ್ತು ಮಾಡುವುದರಲ್ಲಿ ಅರ್ಥವಿಲ್ಲ. ಸುಮ್ಮನೆ ಮಲಗಿದ್ದರೆ ಮಲಗಲಿ. ಜೋರಾಗಿ ಹೊರಳಿ ಗೋಡೆಗೆ ಬಡಿದುಕೊಳ್ಳುತ್ತಿದ್ದರೆ ಮಾತ್ರ ಎಬ್ಬಿಸಿ ಬಯಲಿಗೆ ತನ್ನಿ. ದೊಡ್ಡ ಕುದುರೆಗೆ ಎನಿಮಾ ಹಾಕಿ ಪ್ರಯೋಜನವಿಲ್ಲ. ನೀರು ಕಟ್ಟಿದ ಜಾಗ ಮುಟ್ಟುವುದೇ ಇಲ್ಲ, ಗುದನಾಳ ಹರಿಯುವ ಅಪಾಯ ಬೇರೆ.

ಮೇವು ಕಟ್ಟಿಕೊಂಡಾಗ

ಬೇಸಿಗೆಯಲ್ಲಿ ಒಣಮೇವಿನ ಮೇಲೇ ಇರುವ ಕುದುರೆಗಳಲ್ಲಿ ಹೆಚ್ಚಾಗಿ ನೋಡಬೇಕಾದದ್ದು ಇದು. ಕುದುರೆ ಅಬ್ಬರ ಮಾಡುವುದಿಲ್ಲ. ಮೇವು ಬಿಡುತ್ತದೆ, ಮಲಗಿ ಏಳುತ್ತದೆ, ಮೇಲ್ದುಟಿ ಮೇಲೆತ್ತಿ ಹಲ್ಲು ತೋರಿಸುತ್ತದೆ, ಹಿಂಗಾಲು ಚಾಚಿ ನಿಲ್ಲುತ್ತದೆ. ನಾಡಿ 40-50. ಲದ್ದಿ ದಿನಕ್ಕೆ ಮೂರು-ನಾಲ್ಕಕ್ಕೆ ಇಳಿದು, ಉಂಡೆ ಚಿಕ್ಕದಾಗಿ, ಒಡೆದರೆ ಒಳಗೆ ಒಣ ನಾರು, ಮೇಲೆ ಹೊಳೆಯುವ ಲೋಳೆ.

ಹಿಂಗಾಲು ಚಾಚುವುದನ್ನು ನೋಡಿ ‘ಮೂತ್ರ ಕಟ್ಟಿದೆ’ ಎಂದುಕೊಂಡು ಬಾರ್ಲಿ ನೀರು ಕುಡಿಸುತ್ತ ಒಂದು ದಿನ ಕಳೆಯುವವರು ಬಹಳ. ಕುದುರೆಗಳಲ್ಲಿ ಮೂತ್ರ ಕಟ್ಟುವುದು ಅಪರೂಪ. ಆ ಭಂಗಿ ಹೊಟ್ಟೆಯ ಸೆಳೆತ ಇಳಿಸಿಕೊಳ್ಳಲು ಅದು ಮಾಡುವ ಉಪಾಯ. ನೋವು ತಗ್ಗಿದ ಮೇಲೆ ತಾನೇ ಧಾರಾಳ ಹುಯ್ಯುತ್ತದೆ.

ಕಾರಣ ಹುಡುಕುವಾಗ ಹಿಂದಿನ ಎರಡು ವಾರ ನೋಡಬೇಕು, ನಿನ್ನೆಯನ್ನು ಮಾತ್ರ ಅಲ್ಲ. ಮೊದಲು ನೀರು. 450 ಕೆಜಿ ಕುದುರೆ ದಿನಕ್ಕೆ 25ರಿಂದ 50 ಲೀಟರ್ ಕುಡಿಯುತ್ತದೆ, ಒಣಹುಲ್ಲು ತಿನ್ನುವಾಗ, ಬೆವರುವಾಗ ಇನ್ನೂ ಹೆಚ್ಚು. ಸ್ಟ್ಯಾಂಡಿನಲ್ಲಿ ಬೆಳಗಿನಿಂದ ಸಂಜೆವರೆಗೆ ನಿಲ್ಲುವ ಟಾಂಗಾ ಕುದುರೆಗೆ ಎರಡು ಬಕೆಟ್ ಸಿಕ್ಕರೆ ಹೆಚ್ಚು. ತೊಟ್ಟಿಯ ತಳದಲ್ಲಿ ಪಾಚಿ ಕಟ್ಟಿ ನೀರು ಜಿಗುಟಾಗಿದ್ದರೆ, ಬಿಸಿಲಿಗೆ ಕಾದಿದ್ದರೆ ಮುಂದಿಟ್ಟರೂ ಕುಡಿಯದು. ಬೆವರಿದ ಕುದುರೆಗೆ ನೀರು ಕೊಡಬಾರದು ಎಂಬುದು ಹಳೆಯ ನಂಬಿಕೆ. ಅರ್ಧ ಬಕೆಟ್ ಕುಡಿಸಿ, ಐದು ನಿಮಿಷ ಬಿಟ್ಟು ಮತ್ತೆ ಕೊಡುತ್ತ ಹೋಗಿ, ಏನೂ ಆಗುವುದಿಲ್ಲ. ಪ್ರತಿ 100 ಕೆಜಿ ತೂಕಕ್ಕೆ ದಿನಕ್ಕೆ 10 ಗ್ರಾಂ ಅಡುಗೆ ಉಪ್ಪು ಆಹಾರದಲ್ಲಿ ಸೇರಿಸಿದರೆ ಕುಡಿಯುವುದು ತಾನಾಗಿ ಹೆಚ್ಚುತ್ತದೆ.

ಎರಡನೆಯದು ಮೇವು. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಸತ್ವ ಕಡಿಮೆ. ಅದೊಂದನ್ನೇ ಹೊಟ್ಟೆ ತುಂಬ ಹಾಕಿದರೆ ಕಟ್ಟುವುದಕ್ಕೆ ಆಹ್ವಾನ. ರಾಗಿ ಹುಲ್ಲು ಅದಕ್ಕಿಂತ ಮೇಲು, ಆದರೆ ಬಣವೆಯ ತಳದ ಕಟ್ಟು ಬಿಚ್ಚಿದಾಗ ಬೂದು ಪುಡಿ ಎದ್ದು ಮುಗ್ಗಲು ವಾಸನೆ ಬಂದರೆ ಅದು ಕುದುರೆಗಲ್ಲ. ಒಣಹುಲ್ಲಿನ ಜೊತೆ ಗರಿಕೆಯೋ ಲೂಸರ್ನ್ ಎಂಬ ಮೇವಿನ ಸೊಪ್ಪೋ ಸೇರಲೇಬೇಕು. ಒಣತೂಕದ ಲೆಕ್ಕದಲ್ಲಿ ಮೇವು ದೇಹತೂಕದ ಶೇ 1.5ಕ್ಕಿಂತ ಕೆಳಗಿಳಿಯಬಾರದು. 300 ಕೆಜಿ ಕುದುರೆಗೆ ಅದು ನಾಲ್ಕೂವರೆ ಕೆಜಿ. ಹಸಿಹುಲ್ಲಿನಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ನೀರೇ ಇರುವುದರಿಂದ ಅದನ್ನು ತೂಗಿ ಲೆಕ್ಕ ಹಾಕುವಾಗ ಮೋಸಹೋಗಬಾರದು.

ತೂಕ ಗೊತ್ತಿಲ್ಲವೆಂದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 140 ಇದ್ದರೆ ಸುಮಾರು 302 ಕೆಜಿ. ಔಷಧ, ಮೇವು, ಜಂತುನಾಶಕ ಎಲ್ಲದರ ಲೆಕ್ಕ ಇಲ್ಲಿಂದಲೇ ಶುರು.

ಮೂರನೆಯದನ್ನು ಯಾರೂ ಅನುಮಾನಿಸುವುದಿಲ್ಲ: ಉಣ್ಣೆ ಔಷಧ. ದನಕ್ಕೂ ನಾಯಿಗೂ ಸಿಂಪಡಿಸುವ ಅಮಿಟ್ರಾಜ್ ಕುದುರೆಯ ಮೈಗೆ ಬಿದ್ದರೆ ಕರುಳಿನ ಚಲನೆಯೇ ನಿಂತು, ದೊಡ್ಡ ಕರುಳು ಕಟ್ಟಿಕೊಳ್ಳುತ್ತದೆ. ಹಸು, ಕುದುರೆ ಒಂದೇ ಕೊಟ್ಟಿಗೆಯಲ್ಲಿರುವ ಕಡೆ ಬಾಟಲಿಯ ಹೆಸರು ಓದಿ.

ಚಿಕಿತ್ಸೆಗೆ ಹೊತ್ತು ಬೇಕು, ಒಂದರಿಂದ ಮೂರು ದಿನ. ವೈದ್ಯರು ಗುದದ ಮೂಲಕ ಕೈಹಾಕಿ ಕಟ್ಟಿದ ಜಾಗ ಖಚಿತ ಮಾಡಿಕೊಂಡು, ಕೊಳವೆಯಲ್ಲಿ 300 ಕೆಜಿ ಕುದುರೆಗೆ ಒಂದು ಸಲಕ್ಕೆ 4-5 ಲೀಟರ್ ನೀರನ್ನು ಕೆಲವು ಗಂಟೆಗೊಮ್ಮೆ ಬಿಡುತ್ತಾರೆ. ಜೊತೆಗೆ ಮಲ ಸಡಿಲಿಸುವ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಕೆಜಿಗೆ ಅರ್ಧದಿಂದ ಒಂದು ಗ್ರಾಂ, ಅಥವಾ ಲಿಕ್ವಿಡ್ ಪ್ಯಾರಫಿನ್ ಕೆಜಿಗೆ 5ರಿಂದ 10 ಮಿಲಿ. ಬಾಲದ ಬುಡದಲ್ಲಿ ಎಣ್ಣೆ ಜಿನುಗಿತು ಎಂದು ಸಂಭ್ರಮಿಸಿ ಹುಲ್ಲು ಹಾಕಬೇಡಿ. ಎಣ್ಣೆ ಕಟ್ಟಿನ ಪಕ್ಕದಿಂದ ನುಸುಳಿಯೂ ಬರುತ್ತದೆ. ಎಣ್ಣೆಯ ಜೊತೆ ಬುಟ್ಟಿಗಟ್ಟಲೆ ಲದ್ದಿ ಬಂದಾಗ ಮಾತ್ರ ದಾರಿ ತೆರೆದಿದೆ.

ಗಾಳಿ, ಮರಳು, ಕಾಳು

ಮಳೆಗಾಲದ ಮೊದಲ ಹಸಿ ಹುಲ್ಲು, ಹುಲ್ಲುಹಾಸು ಕತ್ತರಿಸುವ ಮೆಷಿನ್ನಿನಿಂದ ಬಂದ ರಾಶಿ, ಹುಳಿ ಬಂದ ಹುರಳಿ: ಗಾಳಿ ತುಂಬುವ ಮೂಲಗಳು ಇವೇ. ಬೇಯಿಸಿದ ಹುರಳಿ ಬೆಳಿಗ್ಗೆ ಉಳಿದದ್ದನ್ನು ಸಂಜೆಗೆ ಇಟ್ಟರೆ ಬೇಸಿಗೆಯಲ್ಲಿ ಕೈಗೆ ನೂಲೆಳೆ ಬರುತ್ತದೆ, ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಚೆಲ್ಲಿಬಿಡಿ. ನೋವು ಅಲೆ ಅಲೆಯಾಗಿ ಬರುತ್ತದೆ, ಬಲ ಪಕ್ಕೆಯ ಮೇಲ್ಭಾಗ ತಟ್ಟಿದರೆ ತಮಟೆಯಂತೆ ಸದ್ದು, ಹೂಸು ಬಿಟ್ಟ ಹಾಗೆಲ್ಲ ಕುದುರೆ ಹಗುರಾಗುತ್ತದೆ. ಬಹಳಷ್ಟು ಇಲ್ಲೇ ಮುಗಿಯುತ್ತವೆ. ಹೂಸೂ ನಿಂತು ಹೊಟ್ಟೆ ಉಬ್ಬುತ್ತ ಹೋದರೆ ಅದು ಗಾಳಿಯಾಗಿ ಉಳಿದಿಲ್ಲ, ಕರುಳು ಜಾಗ ಬಿಟ್ಟಿದೆ.

ಮರಳಿನ ತೊಂದರೆ ಕಡಲತೀರದ ಕುದುರೆಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಬತ್ತಿದ ಕೆರೆಯಂಗಳದ ಗಿಡ್ಡ ಹುಲ್ಲನ್ನು ಬೇರು ಸಮೇತ ಕಿತ್ತು ತಿನ್ನುವ ಕುದುರೆಯ ಹೊಟ್ಟೆಗೂ ಅಷ್ಟೇ ಮಣ್ಣು ಹೋಗುತ್ತದೆ. ಆಗಾಗ ಮರುಕಳಿಸುವ ಸಣ್ಣ ನೋವು, ನಡುವೆ ಸಡಿಲ ಲದ್ದಿ, ಎದೆಯ ಹಿಂದೆ ಹೊಟ್ಟೆಯ ತಳದಲ್ಲಿ ಕಿವಿಯಿಟ್ಟರೆ ಅಲೆ ಸರಿದಂಥ ಸದ್ದು. ನೆಲಕ್ಕೆ ತಾಗದ ಆರು ಲದ್ದಿ ಉಂಡೆ ಆರಿಸಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಲೀಟರ್ ನೀರಿನೊಂದಿಗೆ ಕಿವುಚಿ ಕಾಲು ಗಂಟೆ ನೇತುಹಾಕಿ. ತಳದಲ್ಲಿ ಒಂದು ಟೀ ಚಮಚಕ್ಕಿಂತ ಹೆಚ್ಚು ಮರಳು ನಿಂತರೆ ಕಾರಣ ಸಿಕ್ಕಿತು. ನಿಲ್ಲದಿದ್ದರೆ ಮರಳಿಲ್ಲ ಎಂದಲ್ಲ, ಅದು ಒಳಗೇ ಕೂತಿರಲೂಬಹುದು. ಇಸಬ್‌ಗೋಲು ಮತ್ತು ಎಪ್ಸಮ್ ಉಪ್ಪು ಎರಡನ್ನೂ ಕೆಜಿಗೆ ಒಂದೊಂದು ಗ್ರಾಂನಂತೆ ಕೊಳವೆಯಲ್ಲಿ ಕೆಲವು ದಿನ ಕೊಟ್ಟಾಗ ಮರಳು ಚೆನ್ನಾಗಿ ಹೊರಹೋಗುತ್ತದೆ. ಇಸಬ್‌ಗೋಲು ಒಂದೇ ಅಷ್ಟು ಕೆಲಸ ಮಾಡದು. ಮೇವನ್ನು ನೆಲಕ್ಕೆ ಹಾಕದೆ ತೊಟ್ಟಿಯಲ್ಲೋ ರಬ್ಬರ್ ಹಾಸಿನ ಮೇಲೋ ಹಾಕದಿದ್ದರೆ ಇದು ಮತ್ತೆ ಬರುತ್ತದೆ.

ಹಗ್ಗ ಕಿತ್ತು ಮೂಟೆಗೆ ಬಾಯಿ ಹಾಕಿದ ಕುದುರೆಯ ವಿಷಯದಲ್ಲಿ ಲಕ್ಷಣಕ್ಕೆ ಕಾಯಲೇಬಾರದು. ರಾಗಿ, ಅಕ್ಕಿ, ಮೆಕ್ಕೆಜೋಳದ ಪಿಷ್ಟ ಸಣ್ಣ ಕರುಳು ದಾಟಿ ದೊಡ್ಡ ಕರುಳಿಗೆ ಬಿದ್ದರೆ ಅಲ್ಲಿ ಆಮ್ಲವಾಗಿ ಹುದುಗಿ, ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷ ರಕ್ತಕ್ಕೆ ಸೇರುತ್ತದೆ. ಒಂದೆರಡು ದಿನದಲ್ಲಿ ಹೊಡೆತ ಬೀಳುವುದು ಗೊರಸಿಗೆ. ಗೊರಸಿನೊಳಗಿನ ಪದರ ಉರಿಗೊಂಡು, ಕುದುರೆ ಮುಂಗಾಲು ಮುಂದಕ್ಕಿಟ್ಟು ಹಿಂದಕ್ಕೆ ವಾಲಿ ನಿಲ್ಲುತ್ತದೆ, ಗೊರಸು ಬಿಸಿ. ತಿಂದ ಮೊದಲ ಕೆಲವು ಗಂಟೆಗಳಲ್ಲೇ ವೈದ್ಯರು ಕೊಳವೆ ಹಾಕಿ ಜಠರ ತೊಳೆಯಬೇಕು. ನೀವು ಮಾಡಬಹುದಾದದ್ದು, ನಾಲ್ಕೂ ಕಾಲನ್ನು ಗೊರಸಿನಿಂದ ಮೇಲಿನವರೆಗೆ ಐಸ್ ನೀರಿನಲ್ಲಿ 48ರಿಂದ 72 ಗಂಟೆ, ನಡುವೆ ಬಿಡದೆ, ಇಡುವುದು. ಕಾಲು ನೋಯಲು ಶುರುವಾದ ಮೇಲಿನ ಐಸಿಗಿಂತ ಮೊದಲಿನದಕ್ಕೆ ಬೆಲೆ ಹೆಚ್ಚು.

ತಿಂದದ್ದು ಕೋಳಿ ಫೀಡೋ ದನದ ಫೀಡೋ ಆಗಿದ್ದರೆ ಚೀಲದ ಚೀಟಿ ವೈದ್ಯರಿಗೆ ತೋರಿಸಿ. ಅವುಗಳಲ್ಲಿ ಕೆಲವಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕೋಳಿಗೆ ಏನೂ ಮಾಡದ ಪ್ರಮಾಣದಲ್ಲೇ ಕುದುರೆಯ ಹೃದಯವನ್ನು ಕೊಲ್ಲುತ್ತದೆ. ಬೂಷ್ಟು ಹಿಡಿದ ಮೆಕ್ಕೆಜೋಳ ಮಿದುಳನ್ನು ಹಾಳುಮಾಡುತ್ತದೆ.

ದಿನನಿತ್ಯದ ಕಾಳಿಗೂ ಮಿತಿ ಇದೆ: 300 ಕೆಜಿ ಕುದುರೆಗೆ ಹೊತ್ತಿಗೆ ಒಂದೂಕಾಲು ಕೆಜಿ ಮೀರಬಾರದು. ದಿನವಿಡೀ ಬರಿಹೊಟ್ಟೆಯಲ್ಲಿ ದುಡಿಸಿ ರಾತ್ರಿ ಒಂದು ಬಕೆಟ್ ಹುರಳಿ ಮುಂದಿಟ್ಟರೆ ಅದು ಉಪಕಾರವಲ್ಲ. ಮೂರು ಹೊತ್ತಿಗೆ ಹಂಚಿ, ಮೊದಲು ಹುಲ್ಲು ತಿನ್ನಿಸಿ ಆಮೇಲೆ ಕಾಳು ಕೊಡಿ. ಯಾವ ಹೊಸ ಮೇವೇ ಆಗಲಿ 7ರಿಂದ 14 ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಗಬೇಕು. ಮೆರವಣಿಗೆಯಲ್ಲಿ ಹತ್ತು ಜನ ಪ್ರೀತಿಯಿಂದ ತಿನ್ನಿಸುವ ಲಾಡು, ಬೆಲ್ಲ, ಬಾಳೆಹಣ್ಣನ್ನು ಸಂಕೋಚವಿಲ್ಲದೆ ತಡೆಯಿರಿ.

ಹೊಟ್ಟೆನೋವಿನಂತೆ ಕಂಡು ಬೇರೆಯಾಗಿರುವುದು

ಮೂಗಿನ ಎರಡೂ ಹೊಳ್ಳೆಯಿಂದ ಹಸಿರು ನೊರೆ, ಕತ್ತು ಚಾಚಿ ಕೆಮ್ಮು: ಇದು ಅನ್ನನಾಳದಲ್ಲಿ ಸಿಕ್ಕಿಕೊಂಡ ಮೇವು. ಒಣ ಬೂಸಾ ಗಬಗಬ ತಿಂದಾಗ, ಕ್ಯಾರೆಟ್ಟು ಕಬ್ಬಿನ ತುಂಡು ನುಂಗಿದಾಗ ಆಗುತ್ತದೆ. ಮೇವು, ನೀರು ಎರಡೂ ತೆಗೆದು ತಲೆ ಕೆಳಗಿರುವಂತೆ ಬಿಡಿ. ಬಾಯಿಗೆ ನೀರು ಹುಯ್ಯಬೇಡಿ. ಅರ್ಧ ಗಂಟೆಯಲ್ಲಿ ತಾನಾಗಿ ಇಳಿಯದಿದ್ದರೆ ವೈದ್ಯರು. ಆದರೆ ಬಾಯೊಳಗೆ ಬರಿಗೈ ಹಾಕಬೇಡಿ. ರೇಬಿಸ್ ಬಂದ ಕುದುರೆ ಶುರುವಿನಲ್ಲಿ ಹೀಗೇ, ಇಲ್ಲವೇ ಹೊಟ್ಟೆನೋವು ಬಂದ ಹಾಗೆಯೇ ಕಾಣಬಹುದು. ಬೀದಿನಾಯಿ ಕಚ್ಚಿದ್ದ ಸುಳಿವಿದ್ದರಂತೂ ದೂರ ನಿಂತು ವೈದ್ಯರಿಗೆ ಅದನ್ನೇ ಮೊದಲು ಹೇಳಿ.

ಕೆಲಸ ಮುಗಿಸಿ ಬಂದ ಕುದುರೆ ಬೆವರಿ, ಹಿಂಭಾಗ ಮರದಂತೆ ಬಿಗಿದು, ಹೆಜ್ಜೆ ಎತ್ತಲಾರದೆ, ಕಾಫಿ ಬಣ್ಣದ ಮೂತ್ರ ಹುಯ್ದರೆ ತೊಂದರೆ ಮಾಂಸಖಂಡದಲ್ಲಿದೆ. ಇದನ್ನು ಒಂದು ಹೆಜ್ಜೆಯೂ ನಡೆಸಬಾರದು.

ಭೇದಿ

ಕುದುರೆ ಲವಲವಿಕೆಯಿಂದಿದ್ದು, ಹೊಸ ಹುಲ್ಲು ತಿಂದು ಸೆಗಣಿಯಂತೆ ಹಾಕಿದರೆ ಒಣಹುಲ್ಲಿನ ಮೇಲೆ ಎರಡು ದಿನ ನೋಡಬಹುದು. ನೀರಿನಂತೆ ಪಿಚಕಾರಿ ಹೊಡೆಯುತ್ತಿದ್ದು, ಜ್ವರ 38.5 ದಾಟಿ, ವಸಡು ಕೆಂಪಾಗಿದ್ದರೆ ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂ ಮುಂತಾದ ಬ್ಯಾಕ್ಟೀರಿಯಾಗಳಿಂದ ಕರುಳು ಉರಿಗೊಂಡಿದೆ. ಒಂದೇ ದಿನದಲ್ಲಿ ಹತ್ತಾರು ಲೀಟರ್ ನೀರು ಸೋರಿಹೋಗುತ್ತದೆ, ಡ್ರಿಪ್ ಇಲ್ಲದೆ ಕುದುರೆ ಉಳಿಯುವುದು ಕಷ್ಟ. ಬೇರೆ ಕುದುರೆಗಳಿಂದ ದೂರ ಕಟ್ಟಿ, ಬಕೆಟ್, ಸಲಿಕೆ ಬೇರೆ ಮಾಡಿ, ನೀವೂ ಸೋಪಿನಲ್ಲಿ ಕೈ ತೊಳೆಯಿರಿ. ಸಾಲ್ಮೊನೆಲ್ಲಾ ಮನುಷ್ಯರಿಗೂ ಹತ್ತುತ್ತದೆ. ಅಂಗಡಿಯಿಂದ ಆಂಟಿಬಯಾಟಿಕ್ ತಂದು ಹಾಕುವುದು ಇಲ್ಲಿ ವಿಷ ಹಾಕಿದಷ್ಟೇ ಕೆಟ್ಟದ್ದು. ಲಿಂಕೋಮೈಸಿನ್ ಅಂತೂ ಆರೋಗ್ಯವಂತ ಕುದುರೆಗೇ ಮಾರಕ ಭೇದಿ ತರುತ್ತದೆ. ಕಾಲು ನೋವಿಗೆಂದು ವಾರಗಟ್ಟಲೆ ಫಿನೈಲ್‌ಬ್ಯೂಟಜೋನ್ ತಿಂದ ಕುದುರೆಗೆ ಭೇದಿ ಶುರುವಾದರೆ ಮೊದಲು ಆ ಔಷಧ ನಿಲ್ಲಬೇಕು, ಕರುಳಿನ ಹುಣ್ಣಿಗೆ ಅದೇ ಕಾರಣವಿರಬಹುದು.

ನಿಧಾನವಾಗಿ ಸೊರಗುವ ಕುದುರೆ

ನೋವಿಲ್ಲ, ಆದರೆ ತೂಕ ಇಳಿಯುತ್ತಿದೆ, ಕೂದಲು ಹೊಳಪಿಲ್ಲ, ತಿಂಗಳಿಗೊಮ್ಮೆ ಸಣ್ಣಗೆ ಹೊಟ್ಟೆನೋವು. ಮೊದಲು ಬಾಯಿ ನೋಡಿಸಿ. ಲದ್ದಿಯಲ್ಲಿ ಇಂಚುದ್ದದ ಹುಲ್ಲಿನ ತುಂಡು, ಇಡೀ ಹುರಳಿ. ತೊಟ್ಟಿಯ ಕೆಳಗೆ ಅರ್ಧ ಜಗಿದು ಉಗುಳಿದ ಹುಲ್ಲಿನ ಸುರುಳಿಗಳು: ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತಿದೆ. ವರ್ಷಕ್ಕೊಮ್ಮೆ ಹಲ್ಲು ಅರ ಹಾಕಿಸಿದರೆ ಮುಗಿಯಿತು.

ಕಾಳು ಮುಂದಿಟ್ಟರೆ ಎರಡು ಬಾಯಿ ತಿಂದು ಬಿಟ್ಟು ಹುಲ್ಲಿಗೆ ತಿರುಗುವ, ಹೊಟ್ಟೆಪಟ್ಟಿ ಬಿಗಿದಾಗ ಕಚ್ಚಲು ಬರುವ ಕುದುರೆಗೆ ಜಠರದ ಹುಣ್ಣಿನ ಅನುಮಾನ. ಕುದುರೆಯ ಜಠರದಲ್ಲಿ ಆಮ್ಲ ಹೊಟ್ಟೆ ಖಾಲಿಯಿದ್ದರೂ ಸುರಿಯುತ್ತಲೇ ಇರುತ್ತದೆ, ಓಡುವಾಗ ರಕ್ಷಣೆಯಿಲ್ಲದ ಮೇಲ್ಭಾಗಕ್ಕೆ ಸಿಡಿಯುತ್ತದೆ. ರೇಸ್ ಕುದುರೆಗಳಲ್ಲಿ ಇದು ಹೆಚ್ಚು. ಖಚಿತಪಡಿಸಲು 3 ಮೀಟರ್ ಉದ್ದದ ಎಂಡೋಸ್ಕೋಪ್ ಬೇಕು. ಆಮ್ಲ ತಗ್ಗಿಸುವ ಒಮೆಪ್ರಜೋಲ್ ಕೆಜಿಗೆ 4 ಮಿಲಿಗ್ರಾಂನಂತೆ, ಬರಿಹೊಟ್ಟೆಯಲ್ಲಿ, ಸಾಮಾನ್ಯವಾಗಿ 28 ದಿನ. 300 ಕೆಜಿ ಕುದುರೆಗೆ ಮನುಷ್ಯರ 20 ಮಿಲಿಗ್ರಾಂ ಕ್ಯಾಪ್ಸೂಲ್ ದಿನಕ್ಕೆ 60 ಬೇಕಾಗುತ್ತದೆ, ಒಳಗಿನ ಕಾಳು ಪುಡಿಯಾದರೆ ಜಠರದ ಆಮ್ಲವೇ ಅದನ್ನು ಕೆಡಿಸುತ್ತದೆ. ಕುದುರೆಗೆಂದೇ ಮಾಡಿದ ಪೇಸ್ಟ್ ಕೇಳಿ. ಸವಾರಿಗೆ ಅರ್ಧ ಗಂಟೆ ಮೊದಲು ಎರಡು ಹಿಡಿ ಲೂಸರ್ನ್ ತಿನ್ನಿಸುವುದು ಖರ್ಚಿಲ್ಲದ ಉಪಾಯ, ಔಷಧ ಮುಗಿದ ಮೇಲೂ ಬಿಡಬೇಡಿ.

ಜಂತುವಿಗೆ ಮೂರು ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಔಷಧ ಹಾಕುವ ಕಾಲ ಹೋಯಿತು. ಫೆನ್‌ಬೆಂಡಜೋಲ್‌ಗೆ ಬಗ್ಗದ ಜಂತುಗಳು ಲೋಕದೆಲ್ಲೆಡೆ ಇವೆ. ಹಸಿ ಲದ್ದಿಯ ಎರಡು ಉಂಡೆಯನ್ನು ಗಾಳಿ ಹೊರತೆಗೆದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ತಣ್ಣಗಿಟ್ಟು, ಅದೇ ದಿನ ಪಶು ಆಸ್ಪತ್ರೆಯ ಲ್ಯಾಬಿಗೆ ಕೊಡಿ. ಗ್ರಾಂಗೆ 200ಕ್ಕಿಂತ ಹೆಚ್ಚು ಮೊಟ್ಟೆ ಇದ್ದರೆ ಔಷಧ. 14 ದಿನ ಬಿಟ್ಟು ಮತ್ತೆ ಎಣಿಸಿದಾಗ ಶೇ 90ಕ್ಕಿಂತ ಕಡಿಮೆ ಇಳಿದಿದ್ದರೆ ಆ ಔಷಧ ನಿಮ್ಮ ಲಾಯದಲ್ಲಿ ಕೆಲಸ ಮಾಡುತ್ತಿಲ್ಲ. ಲಾಡಿಹುಳು ಈ ಎಣಿಕೆಯಲ್ಲಿ ಸಿಗದೆಯೂ ಇರಬಹುದು, ಅದಕ್ಕೆ ಪ್ರಾಜಿಕ್ವಾಂಟೆಲ್ ಬೇರೆ.

ಮರಿಗಳ ಲೆಕ್ಕವೇ ಬೇರೆ. ಹುಟ್ಟಿದ ಮರಿ ಮೊದಲ ಕಪ್ಪು ಮಲವನ್ನು 24 ಗಂಟೆಯೊಳಗೆ ಹಾಕಬೇಕು. ಬಾಲ ಎತ್ತಿ ತಿಣುಕುತ್ತಿದ್ದು ಏನೂ ಬಾರದಿದ್ದರೆ ವೈದ್ಯರಿಂದ ಎನಿಮಾ, ಇಲ್ಲಿ ಮಾತ್ರ ಅದು ಸರಿಯಾದ ಚಿಕಿತ್ಸೆ. ಎರಡನೇ ವಾರದ ಸಡಿಲ ಭೇದಿ, ಮರಿ ಹಾಲು ಕುಡಿದು ಕುಣಿಯುತ್ತಿದ್ದರೆ, ತಾನೇ ನಿಲ್ಲುತ್ತದೆ. ನಾಲ್ಕರಿಂದ ಹತ್ತು ತಿಂಗಳ, ಹೊಟ್ಟೆ ದಪ್ಪಗಾಗಿ ಬೆನ್ನು ಸೊರಗಿದ ಮರಿಗೆ ದುಂಡುಹುಳು ತುಂಬಿರುತ್ತದೆ. ಅದಕ್ಕೆ ಒಮ್ಮೆಲೇ ಐವರ್ಮೆಕ್ಟಿನ್ ಹಾಕಿದರೆ ಹುಳುಗಳೆಲ್ಲ ನಿಶ್ಚೇಷ್ಟಿತವಾಗಿ ಸಣ್ಣ ಕರುಳಿನಲ್ಲಿ ಹಗ್ಗದ ಉಂಡೆಯಂತೆ ಕಟ್ಟಿಕೊಳ್ಳಬಹುದು. ನಿಧಾನವಾಗಿ ಕೊಲ್ಲುವ ಔಷಧದಿಂದ ಶುರುಮಾಡುವಂತೆ ವೈದ್ಯರನ್ನು ಕೇಳಿ.

ಮತ್ತೆ ಮೇವು ಶುರುಮಾಡುವುದು

ನೋವು ನಿಂತು, ನಾಡಿ 44ರೊಳಗೆ ಬಂದು, ಲದ್ದಿ ಬಿದ್ದ ಮೇಲೆ ಮೊದಲ ದಿನ ಎರಡು-ಮೂರು ಗಂಟೆಗೊಮ್ಮೆ ಒಂದೆರಡು ಹಿಡಿ ಹಸಿ ಗರಿಕೆ, ಅಥವಾ ನೀರಲ್ಲಿ ನೆನೆಸಿದ ಹುಲ್ಲು. ಎರಡನೇ ದಿನ ಮಾಮೂಲಿನ ಅರ್ಧ ಹುಲ್ಲು. ಮೂರನೇ ದಿನದವರೆಗೂ ಹುರಳಿ, ಕಡಲೆ, ಬೂಸಾ ಬೇಡ. ‘ಪಾಪ, ಸೊರಗಿದೆ’ ಎಂದು ಮೊದಲ ರಾತ್ರಿಯೇ ಬೂಸಾ ಕಲಸಿ ಕೊಟ್ಟ ಕಡೆಗಳಿಗೆ ವೈದ್ಯರು ಮರುದಿನ ಮತ್ತೆ ಹೋಗಬೇಕಾಗುತ್ತದೆ. ನಾಲ್ಕನೇ ದಿನದಿಂದ ಕಾಳು ಕಾಲುಭಾಗದಷ್ಟು ಶುರುಮಾಡಿ ಒಂದು ವಾರದಲ್ಲಿ ಮೊದಲಿನ ಅಳತೆಗೆ ತನ್ನಿ. ಲದ್ದಿ ದಿನಕ್ಕೆ ಎಂಟು ಗುಡ್ಡೆಗೆ ಮರಳುವ ತನಕ ಗಾಡಿಗೆ ಕಟ್ಟಬೇಡಿ.